ನೀವು ಬರದಿದ್ದರೆ ಯಾರು ಕೇಳುತ್ತಾರೆ?

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಹೊರತಂದ ವರದಿಯ ಲೆಕ್ಕ ಇದು. ಒಂಟಿತನದ ಜೊತೆ ನಂಟಿರುವ ಸಾವುಗಳು ವರ್ಷಕ್ಕೆ 8,71,000ಕ್ಕೂ ಜಾಸ್ತಿ ಅಂತಲೂ ಅದರಲ್ಲಿದೆ. ಸರ್ಕಾರಗಳು ಕೂಡ ಇದನ್ನು ಬರೀ ಮನಸ್ಸಿನ ವಿಷಯ ಅಂತ ತಳ್ಳಿಹಾಕುತ್ತಿಲ್ಲ. ಬ್ರಿಟನ್ 2018ರಲ್ಲೇ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ವಹಿಸಿತು, ಜಪಾನ್ 2021ರಲ್ಲಿ ಅದೇ ದಾರಿ ಹಿಡಿಯಿತು.

ಇಂಥ ವರದಿ ಬಂದಾಗಲೆಲ್ಲ ಬೈಸಿಕೊಳ್ಳುವುದು ಫೋನು. ಎಲ್ಲರೂ ಸ್ಕ್ರೀನ್ ನೋಡಿಕೊಂಡು ಕೂತಿದ್ದಾರೆ, ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ, ಅದಕ್ಕೇ ಹೀಗಾಯಿತು ಅನ್ನುವ ಮಾತು ಶುರುವಾಗುತ್ತದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಕಡಿಮೆ ಆದಾಯದ ದೇಶಗಳಲ್ಲಿ ಸುಮಾರು ಶೇ 24ರಷ್ಟು ಜನ ಒಂಟಿತನ ಇದೆ ಅಂದಿದ್ದಾರೆ, ಹೆಚ್ಚು ಆದಾಯದ ದೇಶಗಳಲ್ಲಿ ಸುಮಾರು ಶೇ 11. ಫೋನೇ ಮೂಲ ಕಾರಣವಾಗಿದ್ದರೆ ಈ ಲೆಕ್ಕ ಉಲ್ಟಾ ಇರಬೇಕಿತ್ತು, ಅಲ್ವಾ?

ಈ ಅನುಮಾನ ಹಳೆಯದು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಾಬರ್ಟ್ ಕ್ರೌಟ್ ಮತ್ತು ಜೊತೆಗಾರರು 1990ರ ದಶಕದಲ್ಲಿ 73 ಮನೆಗಳಿಗೆ ಕಂಪ್ಯೂಟರು, ಇಂಟರ್ನೆಟ್ಟು ಎರಡನ್ನೂ ಕೊಟ್ಟು, ಆ ಮನೆಗಳ 169 ಜನರ ಬದುಕು ಹೇಗೆ ಬದಲಾಗುತ್ತದೆ ಅಂತ ನೋಡುತ್ತಾ ಹೋದರು. 1998ರಲ್ಲಿ ಬಂದ ಫಲಿತಾಂಶ ಗಾಬರಿ ಹುಟ್ಟಿಸಿತು: ಇಂಟರ್ನೆಟ್ ಜಾಸ್ತಿ ಬಳಸಿದವರಿಗೆ ಮನೆಯವರ ಜೊತೆ ಮಾತು ಕಡಿಮೆಯಾಗಿತ್ತು, ಒಂಟಿತನ ಸ್ವಲ್ಪ ಏರಿತ್ತು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. 2002ರಲ್ಲಿ ಅದೇ ತಂಡ ಮತ್ತೆ ಬರೆದಾಗ ಆ ಕೆಟ್ಟ ಪರಿಣಾಮ ಬಹುಪಾಲು ಕರಗಿಹೋಗಿತ್ತು. ಬದಲಿಗೆ ಬೇರೆ ಒಂದು ಸಂಗತಿ ಕಂಡಿತು. ಮೊದಲೇ ಜನರ ಜೊತೆ ಬೆರೆಯುವ ಸ್ವಭಾವ ಇದ್ದವರಿಗೆ ಇಂಟರ್ನೆಟ್‌ನಿಂದ ಒಳ್ಳೆಯದಾಗಿತ್ತು, ಮುದುಡಿಕೊಳ್ಳುವವರಿಗೆ ಕೆಟ್ಟದ್ದೇ ಆಗಿತ್ತು. ಈ ಎರಡನೇ ಸುದ್ದಿ ಮೊದಲಿನಷ್ಟು ಓಡಲಿಲ್ಲ, ಬಿಡಿ.

ನನ್ನ ಪ್ರಕಾರ ಆನ್‌ಲೈನಾ, ಮುಖಾಮುಖಿಯಾ ಅನ್ನುವ ಜಗಳದಲ್ಲಿ ನಾವು ತಪ್ಪು ಪ್ರಶ್ನೆ ಕೇಳಿಕೊಳ್ಳುತ್ತಿದ್ದೇವೆ. ಒಂದು ಗುಂಪು ನಮ್ಮದು ಅನ್ನಿಸಬೇಕಾದರೆ ಕೇಳಬೇಕಾದ ಪ್ರಶ್ನೆ ಬೇರೆ: ನೀವು ಒಂದು ವಾರ ಕಾಣದಿದ್ದರೆ ಅಲ್ಲಿ ಯಾರಿಗಾದರೂ ಗೊತ್ತಾಗುತ್ತದಾ? ಗೊತ್ತಾದರೆ, ಒಂದು ಮಾತು ಕೇಳುತ್ತಾರಾ? ಇದಕ್ಕೆ ಹೌದು ಅನ್ನುವ ಆನ್‌ಲೈನ್ ಗುಂಪುಗಳಿವೆ. ಇಲ್ಲ ಅನ್ನುವ ಮುಖಾಮುಖಿ ಸಂಘಗಳೂ ಬೇಕಾದಷ್ಟಿವೆ.

ಮೊದಲು ಎದುರಾಬದುರಾ ಸಿಗುವ ಗುಂಪುಗಳನ್ನು ನೋಡೋಣ. ಅಲ್ಲಿ ಸ್ನೇಹ ಹುಟ್ಟುವುದಕ್ಕೆ ಅಭಿರುಚಿ, ಗುಣ ಎಲ್ಲ ಕಾರಣ ಅಂತ ನಾವು ಅಂದುಕೊಳ್ಳುತ್ತೇವೆ. 1950ರಲ್ಲಿ ಲಿಯಾನ್ ಫೆಸ್ಟಿಂಜರ್, ಸ್ಟ್ಯಾನ್ಲಿ ಶಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಪ್ರಕಟಿಸಿದ ಅಧ್ಯಯನ ಹೇಳಿದ್ದು ತೀರಾ ಸಾದಾ ಸಂಗತಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ದಂಪತಿಗಳಿಗೆ ಕೊಟ್ಟಿದ್ದ ಮನೆಗಳಲ್ಲಿ ಯಾರು ಯಾರಿಗೆ ಸ್ನೇಹಿತರಾದರು ಅಂತ ಅವರು ನೋಡಿದರು. ಒಂದೇ ಅಂತಸ್ತಿನಲ್ಲಿ ಪಕ್ಕದ ಬಾಗಿಲಿನವರು ಆಪ್ತರಾಗುವ ಸಾಧ್ಯತೆ ಸುಮಾರು ಶೇ 41 ಇತ್ತು. ಅದೇ ಅಂತಸ್ತಿನ ಆ ಕೊನೆಯಲ್ಲಿದ್ದವರಾದರೆ ಬರೀ ಶೇ 10. ನಡುವೆ ಇದ್ದದ್ದು ಕೆಲವೇ ಬಾಗಿಲು. ಮೆಟ್ಟಿಲ ಹತ್ತಿರ, ಅಂಚೆ ಡಬ್ಬಿಯ ಹತ್ತಿರ ಮನೆ ಇದ್ದವರಿಗೆ ಇನ್ನೂ ಜಾಸ್ತಿ ಪರಿಚಯ. ಅಂದರೆ, ಯಾರೂ ಪ್ಲಾನ್ ಮಾಡದೆ, ಸುಮ್ನೆ ಬಂದುಹೋಗುವಾಗ ಮತ್ತೆ ಮತ್ತೆ ಎದುರಾಗುವುದೇ ಅರ್ಧ ಕೆಲಸ ಮಾಡಿಬಿಡುತ್ತದೆ. ಹೀಗೆ ದಿನಾ ಎದುರಾಗುವವರ ನಡುವೆ ಒಬ್ಬರು ಕಾಣದಿದ್ದರೆ ಅದು ತಾನಾಗಿ ಗಮನಕ್ಕೆ ಬರುತ್ತದೆ. ಕುರ್ಚಿ ಖಾಲಿ ಇರುತ್ತದೆ, ಅದಕ್ಕೆ ಯಾವ ಆ್ಯಪೂ ಬೇಕಿಲ್ಲ.

ಆನ್‌ಲೈನ್‌ನಲ್ಲಿ ಖಾಲಿ ಕುರ್ಚಿ ಅನ್ನುವುದೇ ಇಲ್ಲ. ನೀವು ಆರು ತಿಂಗಳು ಒಂದು ಅಕ್ಷರ ಬರೆಯದಿದ್ದರೂ ಮೆಂಬರ್ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಗೇ ಇರುತ್ತದೆ. ಗ್ರೂಪನ್ನು ಮ್ಯೂಟ್ ಮಾಡಿದ್ದೀರಾ, ಓದಿ ಸುಮ್ಮನಿದ್ದೀರಾ, ಆಸ್ಪತ್ರೆಯಲ್ಲಿ ಮಲಗಿದ್ದೀರಾ, ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಇದನ್ನು ಯಾರೋ ಕೆಟ್ಟ ಉದ್ದೇಶದಿಂದ ಮಾಡಿದ್ದಲ್ಲ. ಬಂದವರ ಲೆಕ್ಕ ತೋರಿಸುವುದು ಸುಲಭ, ಬಾರದವರದ್ದು ಕಷ್ಟ, ಅಷ್ಟೇ.

ಇಂಥ ಕಡೆ ಸುಮ್ಮನಿರುವವರೇ ಬಹುಮತ ಅನ್ನುವುದೂ ನೆನಪಿರಲಿ. ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ 90-9-1 ಅಂತ ಒಂದು ಅಂದಾಜು ಕೊಟ್ಟಿದ್ದರು: ನೂರರಲ್ಲಿ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಮಾತಾಡುತ್ತಾರೆ, ಒಬ್ಬರು ಎಲ್ಲವನ್ನೂ ಬರೆಯುತ್ತಾರೆ. ಎಲ್ಲ ಗುಂಪಿಗೂ ಇದು ಹೀಗೇ ಅಂತಿಲ್ಲ, ಆದರೆ ಯಾವುದಾದರೂ ದೊಡ್ಡ ಗ್ರೂಪ್ ನಡೆಸಿದವರಿಗೆ ಇದು ಆಶ್ಚರ್ಯವೇನೂ ಅಲ್ಲ. ಓದುಗರನ್ನು ಬೈಯುವುದು ನನಗೆ ಇಷ್ಟವಿಲ್ಲ. ಎಷ್ಟೋ ಜನರಿಗೆ ಓದುವುದೇ ಬೇಕಾದದ್ದು, ಅವರಿಗೆ ಬೇಕಾದ ಮಾಹಿತಿ ಅಲ್ಲಿ ಸಿಗುತ್ತದೆ. ಆದರೆ ಮಾಹಿತಿ ಸಿಗುವುದು ಬೇರೆ, ನಮ್ಮವರು ಅನ್ನಿಸುವುದು ಬೇರೆ. ಮನಶ್ಶಾಸ್ತ್ರಜ್ಞರಾದ ಡೇವಿಡ್ ಮ್ಯಾಕ್‌ಮಿಲನ್ ಮತ್ತು ಡೇವಿಡ್ ಚಾವಿಸ್ 1986ರಲ್ಲಿ ಈ ಭಾವನೆಯನ್ನು ನಾಲ್ಕು ಭಾಗ ಮಾಡಿದ್ದರು. ನಾನು ಇಲ್ಲಿಯವನು ಅಥವಾ ಇಲ್ಲಿಯವಳು ಅನ್ನುವ ಗುರುತು, ನನ್ನ ಮಾತಿಗೂ ಇಲ್ಲಿ ಬೆಲೆ ಇದೆ ಅನ್ನುವುದು, ನನ್ನ ಅಗತ್ಯ ಇಲ್ಲಿ ಪೂರೈಸುತ್ತದೆ ಅನ್ನುವುದು, ಮತ್ತೆ ಒಟ್ಟಿಗೆ ಕಳೆದ ಒಳ್ಳೆಯ ಕೆಟ್ಟ ದಿನಗಳ ನೆನಪು. ಸುಮ್ಮನೆ ಓದುವವರಿಗೆ ಮೂರನೆಯದು ಪೂರ್ತಿ ಸಿಗುತ್ತದೆ, ಮೊದಲನೆಯದು ಅರ್ಧ. ಎರಡನೆಯದು ಸಿಗುವುದೇ ಇಲ್ಲ. ಗುಂಪಿನ ಮೇಲೆ ನಿಮ್ಮಿಂದ ಏನೂ ಪರಿಣಾಮ ಆಗುತ್ತಿಲ್ಲ ಅಂದರೆ ನೀವು ಇದ್ದರೂ ಇಲ್ಲದಿದ್ದರೂ ಅದು ಹಾಗೇ ನಡೆಯುತ್ತದೆ.

ಗಾತ್ರದ ವಿಷಯಕ್ಕೆ ಬಂದರೆ ಎಲ್ಲರೂ ಹೇಳುವುದು ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬರ್ ಅವರ 150ರ ಲೆಕ್ಕ. ಮಂಗಗಳ, ವಾನರಗಳ ಮೆದುಳಿನ ಅಳತೆ ಮತ್ತು ಅವುಗಳ ಗುಂಪಿನ ಗಾತ್ರ ಇಟ್ಟುಕೊಂಡು ಅವರು 1990ರ ದಶಕದ ಶುರುವಿನಲ್ಲಿ ಮನುಷ್ಯರಿಗೆ ಸುಮಾರು 150 ಸಂಬಂಧ ನಿಭಾಯಿಸಲು ಆಗುತ್ತದೆ ಅಂದರು. ಒಳಗೆ 5 ಜನ ತೀರಾ ಆಪ್ತರು, ಆಮೇಲೆ 15, ಆಮೇಲೆ 50. 2021ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ರೀತಿಯ ಲೆಕ್ಕವನ್ನು ಮತ್ತೆ ಮಾಡಿ, ಹೀಗೆ ಒಂದು ನಿಖರ ಸಂಖ್ಯೆ ಹೇಳಲಿಕ್ಕೇ ಆಗುವುದಿಲ್ಲ ಅಂತ ತಕರಾರು ತೆಗೆದರು. ನನಗೂ 150ರ ಮೇಲೆ ಅಷ್ಟು ನಂಬಿಕೆ ಇಲ್ಲ. ಆದರೆ ಒಂದು ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಈಗ 1,024 ಜನ ಇರಬಹುದು, ಅಷ್ಟು ಜನರಲ್ಲಿ ಇವತ್ತು ಯಾರು ಇಲ್ಲ ಅಂತ ಯಾರ ತಲೆಯೂ ಲೆಕ್ಕ ಇಡುವುದಿಲ್ಲ ಅನ್ನುವುದಕ್ಕೆ ಮೆದುಳಿನ ಅಳತೆ ಬೇಕಿಲ್ಲ.

ದೊಡ್ಡ ಗುಂಪು ದಂಡ ಅಂತ ಇದರ ಅರ್ಥ ಅಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ ಹಾಗೆ, ಕೆಲಸದ ಸುದ್ದಿ ಸಿಗುವುದು ಆಪ್ತರಿಗಿಂತ ಮೇಲ್ಮೇಲಿನ ಪರಿಚಯದವರಿಂದಲೇ ಜಾಸ್ತಿ, ಯಾಕಂದರೆ ಆಪ್ತರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಉದ್ಯೋಗದ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಕೂಡ ಹತ್ತಿರಹತ್ತಿರ ಇದನ್ನೇ ಹೇಳಿತು, ತೀರಾ ದೂರದವರಿಗಿಂತ ಸ್ವಲ್ಪ ದೂರದವರು ಹೆಚ್ಚು ಉಪಯೋಗ ಅನ್ನುವ ತಿದ್ದುಪಡಿಯ ಜೊತೆ. ಕೆಲಸ ಬೇಕಾದಾಗ ಸಾವಿರ ಜನರ ಗ್ರೂಪ್ ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ. ಅದರಿಂದ ಒಂಟಿತನ ಹೋಗಬೇಕು ಅಂತ ಕಾದು ಕೂತರೆ ನಿರಾಸೆ ಆಗುತ್ತದೆ, ಅದರ ತಪ್ಪು ಗ್ರೂಪಿನದ್ದಲ್ಲ.

ಇನ್ನು ಹೊಸಬರ ಪಾಡು. ಇಲ್ಲೇ ಜಾಸ್ತಿ ಗುಂಪುಗಳು ಸೋಲುವುದು, ಆನ್‌ಲೈನ್ ಇರಲಿ ಹೊರಗೆ ಇರಲಿ. 2001ರಲ್ಲಿ ಶುರುವಾದ ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರವರೆಗೆ ಸಂಪಾದಕರ ಸಂಖ್ಯೆ ಏರುತ್ತಲೇ ಇತ್ತು, ಆಮೇಲೆ ಇಳಿಯತೊಡಗಿತು. ಆರನ್ ಹಾಫೇಕರ್ ಮತ್ತು ಜೊತೆಗಾರರು 2013ರಲ್ಲಿ ಕಾರಣ ಹುಡುಕಿದರು. ಕಿಡಿಗೇಡಿಗಳನ್ನು ತಡೆಯಲು ಮಾಡಿದ ಸ್ವಯಂಚಾಲಿತ ಸಾಧನಗಳು ಮತ್ತು ಬೆಳೆಯುತ್ತಾ ಹೋದ ನಿಯಮಗಳ ರಾಶಿ, ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಮೊದಲ ತಿದ್ದುಪಡಿಯನ್ನೂ ಅಳಿಸಿಹಾಕುತ್ತಿದ್ದವು. ಅವರು ಮತ್ತೆ ಬರಲಿಲ್ಲ. ನೀನು ಮಾಡಿದ್ದು ಬೇಕಾಗಿಲ್ಲ ಅಂತ ಮೊದಲ ದಿನವೇ ಹೇಳಿಸಿಕೊಂಡವರು ಎರಡನೇ ದಿನ ಯಾಕೆ ಬರುತ್ತಾರೆ? ಇದಕ್ಕೆ ಉಲ್ಟಾ ಇನ್ನೊಂದು ಪ್ರಯೋಗ ಅಲ್ಲೇ ನಡೆದಿದೆ. 2012ರಲ್ಲಿ ಇಬ್ಬರು ಸಂಶೋಧಕರು ತುಂಬಾ ಕೆಲಸ ಮಾಡುವ ಕೆಲವು ಸಂಪಾದಕರನ್ನು ಸುಮ್ಮನೆ ಆರಿಸಿ, ಅವರ ಪುಟಕ್ಕೆ ಒಂದು ಮೆಚ್ಚುಗೆಯ ನಕ್ಷತ್ರ ಅಂಟಿಸಿದರು. ದುಡ್ಡಿಲ್ಲ, ಅಧಿಕಾರ ಇಲ್ಲ, ಬರೀ ಒಂದು ಚಿತ್ರ. ಆದರೂ ಅದು ಸಿಕ್ಕವರು ಸಿಗದವರಿಗಿಂತ ಸುಮಾರು ಶೇ 60ರಷ್ಟು ಹೆಚ್ಚು ಕೆಲಸ ಮಾಡಿದರು. ಯಾರೋ ಗಮನಿಸುತ್ತಿದ್ದಾರೆ ಅನ್ನುವುದು ಇಷ್ಟು ಮಾಡುತ್ತದೆ.

ಗಮನಿಸದೇ ಇರುವುದು ಏನು ಮಾಡುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ, ಅದು ಸ್ವಲ್ಪ ಹೆದರಿಸುವಂಥದ್ದು. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞ ಒಮ್ಮೆ ಪಾರ್ಕಿನಲ್ಲಿ ಕೂತಿದ್ದಾಗ ಯಾರೋ ಇಬ್ಬರು ಆಡುತ್ತಿದ್ದ ಫ್ರಿಸ್ಬಿ ತಟ್ಟೆ ಅವರ ಹತ್ತಿರ ಬಂದು ಬಿತ್ತು. ಅವರು ಎದ್ದು ಎಸೆದರು, ಆ ಇಬ್ಬರು ಇವರ ಕಡೆ ತಿರುಗಿ ಎಸೆದರು, ಸ್ವಲ್ಪ ಹೊತ್ತು ಆಟ ನಡೆಯಿತು, ಆಮೇಲೆ ಏನೂ ಹೇಳದೆ ಅವರಿಬ್ಬರೇ ಆಡತೊಡಗಿದರು. ಅಪರಿಚಿತರ ಆಟ, ಎರಡು ನಿಮಿಷದ ಪರಿಚಯ, ಆದರೂ ನೋವಾಯಿತು. ಅದರಿಂದ ಅವರು ಕಟ್ಟಿದ್ದು ಸೈಬರ್‌ಬಾಲ್ ಎಂಬ ಕಂಪ್ಯೂಟರ್ ಆಟ. ಮೂವರು ಚೆಂಡು ಎಸೆದಾಡುತ್ತಾರೆ, ಸ್ವಲ್ಪ ಹೊತ್ತಿನ ನಂತರ ನಿಮಗೆ ಚೆಂಡು ಬರುವುದು ನಿಲ್ಲುತ್ತದೆ. ಇಷ್ಟೇ ಆಟ. ಇದನ್ನು ಆಡಿದವರ ಮನಸ್ಸು ಕುಗ್ಗುತ್ತದೆ. 2004ರ ಒಂದು ಅಧ್ಯಯನದಲ್ಲಿ, ನಿಮ್ಮ ಜೊತೆ ಆಡುತ್ತಿರುವುದು ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿದ್ದರೂ ಕುಗ್ಗಿತು. 2007ರಲ್ಲಿ ಇನ್ನೂ ಮುಂದೆ ಹೋಗಿ, ನಿಮ್ಮನ್ನು ಬಿಟ್ಟು ಆಡುತ್ತಿರುವವರು ಅಮೆರಿಕದ ಜನಾಂಗದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಬೆಂಬಲಿಗರು ಅಂತ ಹೇಳಿ ನೋಡಿದರು. ತಾವು ದ್ವೇಷಿಸುವ ಜನ ಹೊರಗಿಟ್ಟರೂ ನೋವಾಗುವುದು ತಪ್ಪಲಿಲ್ಲ.

ಹಾಗಾದರೆ ಗ್ರೂಪಿನಲ್ಲಿ ನೀವು ಹಾಕಿದ ಮಾತಿಗೆ ಎಲ್ಲರೂ ಓದಿ ಒಬ್ಬರೂ ರಿಪ್ಲೈ ಮಾಡದೇ ಹೋದಾಗ ಬೇಜಾರಾಗುವುದು ಅತಿಯಾದ ಸೂಕ್ಷ್ಮತೆ ಏನಲ್ಲ. ಎದುರಿಗೆ ಕೂತಿದ್ದರೆ ಒಂದು ತಲೆಯಾಡಿಸುವಿಕೆ, ಒಂದು ಹೂಂ ಆದರೂ ಸಿಗುತ್ತಿತ್ತು. ಆನ್‌ಲೈನ್‌ನಲ್ಲಿ ಕಡೆಗಣಿಸಬೇಕು ಅಂತ ಯಾರೂ ತೀರ್ಮಾನ ಮಾಡದೆಯೇ ಕಡೆಗಣನೆ ಆಗಿಬಿಡುತ್ತದೆ.

ಇಷ್ಟು ಓದಿ ಮುಖಾಮುಖಿ ಗುಂಪೇ ಒಳ್ಳೆಯದು ಅಂತ ತೀರ್ಮಾನಿಸಬೇಡಿ. ಬರದಿದ್ದರೆ ಗೊತ್ತಾಗುತ್ತದೆ ಅನ್ನುವುದರ ಇನ್ನೊಂದು ಮುಖ, ಏನು ಮಾಡಿದರೂ ಗೊತ್ತಾಗುತ್ತದೆ ಅನ್ನುವುದು. ಯಾರ ಜೊತೆ ಓಡಾಡುತ್ತೀರಿ, ಏನು ನಂಬುತ್ತೀರಿ, ಯಾಕೆ ಇನ್ನೂ ಮದುವೆ ಆಗಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ಹೇಳಿದ ಲೆಕ್ಕ ಇಲ್ಲಿ ಚೆನ್ನಾಗಿ ಹೊಂದುತ್ತದೆ: ಒಂದು ಸಂಸ್ಥೆ ಸರಿಯಿಲ್ಲ ಅನ್ನಿಸಿದರೆ ನಮಗಿರುವ ದಾರಿ ಎರಡು, ಬಿಟ್ಟುಹೋಗುವುದು ಅಥವಾ ಒಳಗಿದ್ದೇ ದನಿ ಎತ್ತುವುದು. ಬಿಟ್ಟುಹೋಗುವುದು ತೀರಾ ಸುಲಭವಾದರೆ ಯಾರೂ ದನಿ ಎತ್ತಿ ಸರಿಮಾಡುವ ಗೋಜಿಗೆ ಹೋಗುವುದಿಲ್ಲ. ಆನ್‌ಲೈನ್ ಗುಂಪುಗಳ ಕಾಯಿಲೆ ಇದು, ಬೇಜಾರಾಯಿತಾ, ಲೆಫ್ಟ್. ಹೊರಗಿನ ಗುಂಪುಗಳ ಕಾಯಿಲೆ ಇದರ ಉಲ್ಟಾ. ನೆರೆಹೊರೆ, ಬಂಧುಬಳಗ, ಕೆಲಸದ ಜಾಗ ಇವುಗಳಿಂದ ಲೆಫ್ಟ್ ಆಗಲು ಬಟನ್ ಇಲ್ಲ. ದನಿ ಎತ್ತಿದರೆ ಅದರ ಬೆಲೆ ವರ್ಷಗಟ್ಟಲೆ ತೆರಬೇಕು, ಹಾಗಾಗಿ ಜನ ಒಳಗೇ ಇದ್ದು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಒಗ್ಗಟ್ಟಿನ ಹಾಗೆ ಕಾಣುತ್ತದೆ.

ಕೆಲವರಿಗಂತೂ ಹೊರಗಿನ ಗುಂಪು ಅನ್ನುವುದು ಲಭ್ಯವೇ ಇರುವುದಿಲ್ಲ. ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಇದ್ದವರಿಗೆ ತಮ್ಮಂಥ ಇನ್ನೊಬ್ಬರು ನಡೆದು ಹೋಗುವ ದೂರದಲ್ಲಿ ಸಿಗುವುದಿಲ್ಲ. ನಾರ್ವೆಯ ಮಾಟ್ಸ್ ಸ್ಟೀನ್ ಅವರ ಕಥೆ ಈಗ ಬಹಳ ಜನರಿಗೆ ಗೊತ್ತು. ಸ್ನಾಯುಗಳು ಕ್ಷಯಿಸುತ್ತಾ ಹೋಗುವ ಡುಷೆನ್ ಕಾಯಿಲೆ, ಗಾಲಿಕುರ್ಚಿ, ದಿನದ ಬಹುಪಾಲು ಕಂಪ್ಯೂಟರ್ ಮುಂದೆ. 2014ರಲ್ಲಿ 25ನೇ ವಯಸ್ಸಿನಲ್ಲಿ ತೀರಿಕೊಂಡಾಗ, ಮಗ ಸ್ನೇಹಿತರಿಲ್ಲದೆ ಬದುಕಿ ಹೋದ ಅಂತಲೇ ಅಪ್ಪ ಅಮ್ಮ ಕೊರಗಿದ್ದರು. ಮಗನ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದಲ್ಲಿ ಮಾಟ್ಸ್ ವರ್ಷಗಟ್ಟಲೆ ಒಂದೇ ಬಳಗದಲ್ಲಿದ್ದರು, ಅಲ್ಲಿ ಎಷ್ಟೋ ಜನರ ಕಷ್ಟ ಕೇಳಿದ್ದರು, ಜಗಳ ಬಿಡಿಸಿದ್ದರು. ಬಳಗದ ಕೆಲವರು ಅಂತ್ಯಕ್ರಿಯೆಗೇ ಬಂದರು. ಈ ಕಥೆಯನ್ನು ಇಂಟರ್ನೆಟ್ ಗೆದ್ದ ಕಥೆ ಅಂತ ಹೇಳುವವರಿದ್ದಾರೆ. ನಾನು ಗಮನಿಸುವುದು ಬೇರೆಯದನ್ನು. ಆ ಆಟದಲ್ಲಿ ಲಕ್ಷಾಂತರ ಜನ ಇದ್ದರು, ಆದರೆ ಅವರ ಬಳಗ ಚಿಕ್ಕದು, ದಿನಾ ಸೇರುತ್ತಿತ್ತು, ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ ಇತ್ತು. ಎಂಐಟಿಯ ಮೆಟ್ಟಿಲು ಮಾಡಿದ ಕೆಲಸವನ್ನೇ ಅಲ್ಲಿ ಆಟ ಮಾಡಿತ್ತು.

ಎರಡನ್ನೂ ಬೆಸೆದರೆ ಏನಾಗುತ್ತದೆ? 1990ರ ದಶಕದ ಕೊನೆಗೆ ಟೊರಾಂಟೊ ಹತ್ತಿರ ಒಂದು ಹೊಸ ಬಡಾವಣೆಯಲ್ಲಿ ಬಹಳಷ್ಟು ಮನೆಗಳಿಗೆ ವೇಗದ ಇಂಟರ್ನೆಟ್ ಮತ್ತು ನೆರೆಯವರ ಈಮೇಲ್ ಪಟ್ಟಿ ಸಿಕ್ಕಿತು, ಕೆಲವು ಮನೆಗಳಿಗೆ ಸಿಗಲಿಲ್ಲ. ಕೀತ್ ಹ್ಯಾಂಪ್ಟನ್ ಮತ್ತು ಬ್ಯಾರಿ ವೆಲ್‌ಮನ್ ಅಧ್ಯಯನ ಮಾಡಿದಾಗ, ಸಂಪರ್ಕ ಇದ್ದವರಿಗೆ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು ನೆರೆಯವರ ಪರಿಚಯ ಇತ್ತು. ಬಡಾವಣೆ ಕಟ್ಟಿದವರ ಲೋಪಗಳ ವಿರುದ್ಧ ಒಟ್ಟಾಗಿ ನಿಂತದ್ದೂ ಅದೇ ಈಮೇಲ್ ಪಟ್ಟಿಯಿಂದ. ಪಾರ್ಕ್‌ರನ್ ಎಂಬ ವಾರದ ಓಟ ಇನ್ನೊಂದು ಉದಾಹರಣೆ. 2004ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 13 ಜನ ಓಡಿದರು, ಈಗ ಅದು 20ಕ್ಕೂ ಹೆಚ್ಚು ದೇಶಗಳಲ್ಲಿದೆ. ಹೆಸರು ನೋಂದಾಯಿಸುವುದು, ಸಮಯ ನೋಡುವುದು ಆನ್‌ಲೈನ್‌ನಲ್ಲಿ. ಓಟ ಮಾತ್ರ ವಾರವಾರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, 5 ಕಿಲೋಮೀಟರ್. ಅದರ ಗುಟ್ಟು ಓಟದಲ್ಲಿಲ್ಲ ಅಂತ ನನಗನ್ನಿಸುತ್ತದೆ. ಸಮಯ ಬರೆದುಕೊಳ್ಳಲು, ದಾರಿ ತೋರಿಸಲು, ಎಲ್ಲರಿಗಿಂತ ಹಿಂದೆ ನಡೆದು ಬರಲು ವಾರಕ್ಕೊಂದಿಷ್ಟು ಸ್ವಯಂಸೇವಕರು ಬೇಕು. ಓಡಲಾಗದವರಿಗೂ ಅಲ್ಲಿ ಕೆಲಸ ಇದೆ, ಆ ಕೆಲಸಕ್ಕೆ ಬರದಿದ್ದರೆ ಗೊತ್ತಾಗುತ್ತದೆ.

ಇದಕ್ಕೆಲ್ಲ ಹೊತ್ತು ಬೇಕು, ಅದೇ ದೊಡ್ಡ ತೊಡಕು. ಸ್ನೇಹದ ಬಗ್ಗೆ ಸಂಶೋಧನೆ ಮಾಡಿದ ಜೆಫ್ರಿ ಹಾಲ್ ಅವರ ಅಂದಾಜಿನ ಪ್ರಕಾರ ಪರಿಚಯ ಸಾದಾ ಸ್ನೇಹ ಆಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತ ಸ್ನೇಹ ಆಗಲು 200ಕ್ಕೂ ಹೆಚ್ಚು. ತಿಂಗಳಿಗೊಮ್ಮೆ ಎರಡು ಗಂಟೆ ಸೇರುವ ಸಂಘದಲ್ಲಿ 50 ಗಂಟೆ ತುಂಬಲು ಎರಡು ವರ್ಷ ದಾಟುತ್ತದೆ. ಅಷ್ಟರಲ್ಲಿ ಅರ್ಧ ಜನ ಇಲ್ಲಿ ನನಗೇನೂ ಸಿಗಲಿಲ್ಲ ಅಂತ ಹೋಗಿರುತ್ತಾರೆ. ಆನ್‌ಲೈನ್ ಬಳಗಕ್ಕಾದರೆ ಆ ಗಂಟೆಗಳು ಪೂರೈಸುವವರೆಗೆ ಜಾಗ ಉಳಿಯುವುದೇ ಖಾತ್ರಿ ಇಲ್ಲ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ. 2023ರ ಜೂನ್‌ನಲ್ಲಿ ಹೊರಗಿನ ಆ್ಯಪ್‌ಗಳಿಗೆ ವಿಧಿಸುವ ದರದ ನಿಯಮವನ್ನು ರೆಡಿಟ್ ಬದಲಿಸಲು ಹೊರಟಾಗ ಸಾವಿರಾರು ಗುಂಪುಗಳು ಬಾಗಿಲು ಹಾಕಿ ಪ್ರತಿಭಟಿಸಿದವು, ಕಂಪನಿ ಜಗ್ಗಲಿಲ್ಲ. ಜಾಗ ಬೇರೆಯವರದ್ದು, ಕಟ್ಟಿದ ಬಳಗ ಮಾತ್ರ ನಿಮ್ಮದು.

ಆ್ಯಪ್ ಕಂಪನಿಗಳಿಗೆ ಈ ಗೈರುಹಾಜರಿಯ ಗುಟ್ಟು ಚೆನ್ನಾಗಿ ಗೊತ್ತು. ನಿಮ್ಮನ್ನು ನೋಡಿ ಎಷ್ಟು ದಿನವಾಯಿತು ಅಂತ ಬರುವ ನೋಟಿಫಿಕೇಷನ್, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಯುವ ಸ್ನ್ಯಾಪ್‌ಚಾಟ್ ಸ್ಟ್ರೀಕ್ (ಸತತವಾಗಿ ಎಷ್ಟು ದಿನ ಒಬ್ಬರಿಗೊಬ್ಬರು ಕಳಿಸಿಕೊಂಡಿರಿ ಅನ್ನುವ ಲೆಕ್ಕ), ಇವೆಲ್ಲ ಯಾರೋ ನಿಮ್ಮನ್ನು ಕೇಳುತ್ತಿದ್ದಾರೆ ಅನ್ನುವ ಭಾವನೆಯ ನಕಲು. ಈಗ ಮಾತಾಡುವ ಎಐ ಗೆಳೆಯ ಗೆಳತಿಯರು ಆ ನಕಲನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. 2023ರ ಫೆಬ್ರವರಿಯಲ್ಲಿ ರೆಪ್ಲಿಕಾ ಎಂಬ ಆ್ಯಪ್ ತನ್ನ ಎಐ ಸಂಗಾತಿಗಳ ನಡವಳಿಕೆಯನ್ನು ಏಕಾಏಕಿ ಬದಲಿಸಿದಾಗ ಎಷ್ಟೋ ಬಳಕೆದಾರರು ಹತ್ತಿರದವರು ಸತ್ತಷ್ಟು ದುಃಖಪಟ್ಟರು. ಆ ದುಃಖ ನಿಜ, ಅದನ್ನು ನಗಾಡುವುದು ಸರಿಯಲ್ಲ. ಆದರೆ ಆ ಸಂಗಾತಿಗೆ ನಿಮ್ಮಿಂದ ಏನೂ ಬೇಕಾಗಿರಲಿಲ್ಲ. ನೀವು ಹೋಗದಿದ್ದರೆ ಅಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ.

ಒಂದು ಗ್ರೂಪ್ ಅಥವಾ ಸಂಘ ನಡೆಸುವವರು ಈ ಲೆಕ್ಕವನ್ನು ಇಟ್ಟುಕೊಂಡು ಮಾಡಬಹುದಾದ್ದು ಹೆಚ್ಚೇನೂ ದುಬಾರಿ ಅಲ್ಲ. ಐನೂರು ಜನರ ಗ್ರೂಪನ್ನು ಹಾಗೇ ಬಿಟ್ಟು, ಅದರೊಳಗೆ ಹತ್ತು ಹದಿನೈದು ಜನರ ತಂಡಗಳನ್ನು ಮಾಡಿ, ಪ್ರತಿ ತಂಡಕ್ಕೂ ನಿಜವಾದ ಒಂದು ಕೆಲಸ ಕೊಡಿ. ಹೊಸಬರ ಮೊದಲ ಮಾತಿಗೆ ಒಬ್ಬರಾದರೂ ರಿಪ್ಲೈ ಮಾಡಲೇಬೇಕು ಅಂತ ಇಬ್ಬರನ್ನು ಒಪ್ಪಿಸಿ. ಎರಡು ವಾರ ಕಾಣದವರಿಗೆ ಎಲ್ಲರ ಮುಂದೆ ಅಲ್ಲ, ಬೇರೆಯಾಗಿ ಒಂದು ಮೆಸೇಜ್ ಹಾಕಿ, ಹೇಗಿದ್ದೀರಿ ಅಂತಷ್ಟೇ. ಯಾಕೆ ಬರಲಿಲ್ಲ ಅಂತ ಕೇಳಿದರೆ ಅದು ಹಾಜರಿ ಪುಸ್ತಕ ಆಗಿಬಿಡುತ್ತದೆ, ಆಗ ಬರುವವರೂ ತಪ್ಪಿಸಿಕೊಳ್ಳುತ್ತಾರೆ. ಸುಮ್ಮನೆ ಓದಿಕೊಂಡಿರಲು ಬಂದವರನ್ನು ಅವರ ಪಾಡಿಗೆ ಬಿಡಿ, ಅಂಥವರು ಯಾವಾಗಲೂ ಇರುತ್ತಾರೆ, ಅವರಲ್ಲಿ ಕೆಲವರು ಒಂದೆರಡು ವರ್ಷ ಬಿಟ್ಟು ತಾವಾಗಿಯೇ ಮಾತಾಡುತ್ತಾರೆ.